ಕೆಂಡ ಹೊತ್ತು ಮೂರು ದಿನ: ಚೆನ್ನೆಮಣೆಯ ಮೇಲೊಂದು ಐರಿಶ್ ಕತ್ತಲ ಆಟ

ನಾಲ್ಕು ಜನ, ಮೂರು ದಿನ, ದಿನಕ್ಕೆ ಎರಡು ಹೊತ್ತಿನ ಊಟ. ಒಟ್ಟು 24 ಊಟ ಬೇಕು. ಬುತ್ತಿಯಲ್ಲಿರುವುದು 16. ದಾರಿಯುದ್ದಕ್ಕೂ ಹುಡುಕಿದರೂ ಸಿಗುವುದು ಹೆಚ್ಚೆಂದರೆ 6. ಉಳಿದ ಎರಡು ಊಟ ಎಲ್ಲಿಂದ ಬರಬೇಕು? ಸುತ್ತ ಕೂತು, ಪಾತ್ರವಾಗಿ ಮಾತಾಡಿ, ದಾಳ ಎಸೆಯುತ್ತ ಕಥೆ ಕಟ್ಟುವ, ಬದುಕುಳಿಯುವುದೇ ಗುರಿಯಾದ ಟೇಬಲ್‌ಟಾಪ್ ಆರ್‌ಪಿಜಿಯಲ್ಲಿ ಭಯ ಹುಟ್ಟುವುದು ಈ ಎರಡು ಊಟದ ಕೊರತೆಯಿಂದ. ಐರ್ಲೆಂಡಿನ ಜಾನಪದದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಒಂದು ಆಶಯವಿದೆ: ಹಸಿದವನಿಗೆ ದಿಬ್ಬದೊಳಗಿನಿಂದ ಕರೆ ಬರುತ್ತದೆ, ಒಳಗೆ ಊಟ ಬಡಿಸಿರುತ್ತದೆ, ಉಂಡವನು ಮರಳುವುದಿಲ್ಲ.

ಮಂಗಳೂರು, ಉಡುಪಿ ಕಡೆಯ ಮನೆಯೊಂದರ ಚಾವಡಿಯಲ್ಲಿ ಈ ಆಟವನ್ನು ಒಂದೇ ಕೂತಲ್ಲಿ ಆಡಿಸುವ ಪೂರ್ತಿ ಕ್ರಮ ಇಲ್ಲಿದೆ. ಕಥೆ ಹೇಳಿ ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬರು, ಆಟಗಾರರು ನಾಲ್ವರು, ಸಮಯ ನಾಲ್ಕು ಗಂಟೆ. ಮಳೆಗಾಲದ ಸಂಜೆ ಆದರೆ ಬಹಳ ಒಳ್ಳೆಯದು.

ಮಣೆ ಮತ್ತು ಕಾಳು

ಚೆನ್ನೆಮಣೆಗೆ ಆಚೆ ಏಳು, ಈಚೆ ಏಳು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಳು ಹಾಕಿ ಆಟ ಶುರು. ಈ ಲೆಕ್ಕ ನಮ್ಮ ಆಟಕ್ಕೆ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಹೊಂದುತ್ತದೆ. ಮಣೆಯ ಒಂದು ಬದಿಗೆ ಇಬ್ಬರು, ಇನ್ನೊಂದು ಬದಿಗೆ ಇಬ್ಬರು ಕೂರಲಿ. ಪ್ರತಿಯೊಬ್ಬರಿಗೂ ತಮ್ಮ ಮುಂದಿನ ಮೂರು ಗುಳಿ ಸ್ವಂತ: ಒಂದು ಅನ್ನ, ಒಂದು ಬಿಸಿ, ಒಂದು ಧೈರ್ಯ. ಆಗ ಪ್ರತಿ ಬದಿಯಲ್ಲೂ ನಟ್ಟನಡುವಿನ ಒಂದು ಗುಳಿ ಉಳಿಯುತ್ತದೆ. ಈಚೆ ಬದಿಯದು ಬೆಂಕಿ, ಆಚೆ ಬದಿಯದು ಹಗಲು. ಇವೆರಡು ಎಲ್ಲರಿಗೂ ಸೇರಿದ್ದು.

ಇದನ್ನೇ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಅಳಿಸಿದರೆ ಆಗದೇ? ಆಗುತ್ತದೆ, ಆದರೆ ಯಾರೂ ಇನ್ನೊಬ್ಬರ ಹಾಳೆ ನೋಡುವುದಿಲ್ಲ. ಮಣೆಯ ಮೇಲಾದರೆ ಪಕ್ಕದವನ ಅನ್ನದ ಗುಳಿ ಬರಿದಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದು ಕಾಳನ್ನು ಬೆರಳಲ್ಲಿ ಎತ್ತಿ ಅವನ ಗುಳಿಗೆ ಹಾಕುವಾಗ ಟಕ್ಕೆಂದು ಸದ್ದಾಗುತ್ತದೆ. ಆ ಸದ್ದು ಕೇಳಿಸುವ ಮೊದಲಿನ ಎರಡು ಸೆಕೆಂಡು, ಕೊಡಲೋ ಬೇಡವೋ ಎಂದು ಕೈ ತಡೆಯುತ್ತದಲ್ಲ, ಇಡೀ ನಿಯಮಾವಳಿ ಇರುವುದು ಅದಕ್ಕಾಗಿ.

ಕಾಳಿಗೆ ಮಂಜೊಟ್ಟಿಯ ಕೆಂಪು ಬೀಜ ಬಳಸಿ. ಗುಲಗಂಜಿ ನೋಡಲು ಚೆಂದವಾದರೂ ಜಗಿದರೆ ವಿಷ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಚೆನ್ನೆ ತುಳುನಾಡಿನ ಮಳೆಗಾಲದ ಆಟಿ ತಿಂಗಳ ಆಟವಾದ್ದರಿಂದ ಬೇರೆ ದಿನಗಳಲ್ಲಿ ಮಣೆ ಇಳಿಸುವುದನ್ನು ಒಪ್ಪದ ಹಿರಿಯರಿರುತ್ತಾರೆ. ಕೇಳಿಯೇ ಅಟ್ಟದಿಂದ ತೆಗೆಯಿರಿ. ಮಣೆ ಸಿಗದಿದ್ದರೆ ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಏಳರ ಎರಡು ಸಾಲು ಬರುವಂತೆ ಕತ್ತರಿಸಿ ಅಂಟಿಸಿಕೊಳ್ಳಬಹುದು. ಖರ್ಚಾದ ಕಾಳಿಗೆ ಒಂದು ಬಟ್ಟಲು.

ದಾಳ ಮಾಮೂಲಿ ಆರು ಮುಖದ್ದೇ ಸಾಕು, ಆರು ಇದ್ದರೆ ಧಾರಾಳ. ಲುಡೋ ಡಬ್ಬಿಯ ದಾಳ ತೀರಾ ಹಗುರ, ಉರುಳದೆ ಜಾರುತ್ತದೆ. ಫ್ಯಾನ್ಸಿ ಅಂಗಡಿಯಲ್ಲಿ ಸ್ವಲ್ಪ ದೊಡ್ಡದು ಸಿಗುತ್ತದೆ. ಬಟ್ಟೆ ಹಾಸಿದ ತಟ್ಟೆಯಲ್ಲಿ ಎಸೆಯಲಿ. ನೆಲಕ್ಕೆ ಬಿದ್ದ ದಾಳವನ್ನು ಮತ್ತೆ ಎಸೆಯಬೇಕೋ ಬೇಡವೋ ಎಂಬುದನ್ನು ಮೊದಲೇ ಹೇಳಿಬಿಡಿ. ಯಾರಾದರೊಬ್ಬರು ಸಾಯುವ ಘಳಿಗೆಯಲ್ಲಿ ಆ ಚರ್ಚೆ ಎದ್ದರೆ ಅಷ್ಟು ಹೊತ್ತು ಕಟ್ಟಿದ ಭಯವೆಲ್ಲ ಹಾರಿಹೋಗುತ್ತದೆ.

ಕಥೆ ಎಲ್ಲಿಂದ

ಐರಿಶ್ ವರ್ಷದಲ್ಲಿ ಅಕ್ಟೋಬರ್ 31ರ ರಾತ್ರಿ ಚಳಿಗಾಲದ ಬಾಗಿಲು. ಹಬ್ಬದ ಹೆಸರನ್ನು ಸುಮಾರಾಗಿ 'ಸಾವಿನ್' ಎಂದು ಉಚ್ಚರಿಸುತ್ತಾರೆ. ನಮ್ಮ 'ಸಾವಿನ' ಎಂಬ ಪದಕ್ಕೂ ಅದಕ್ಕೂ ನಂಟಿಲ್ಲ, ಆದರೂ ಕನ್ನಡದ ಕಿವಿಗೆ ಅದು ಬೀಳುವ ರೀತಿಯೇ ಬೇರೆ, ಅದನ್ನು ಉಪಯೋಗಿಸಿಕೊಳ್ಳಿ. ಆ ರಾತ್ರಿ ದಿಬ್ಬಗಳು ತೆರೆಯುತ್ತವೆ, ಒಳಗಿನವರು ಹೊರಗೆ ಬರುತ್ತಾರೆ ಎಂಬ ನಂಬಿಕೆ. ಮನೆಮನೆಯ ಬೆಂಕಿ ಆರಿಸಿ, ಮೀಥ್ ಸೀಮೆಯ ತ್ಲಾಕ್ತ್‌ಗಾ ಗುಡ್ಡದಲ್ಲಿ ಹೊತ್ತಿಸಿದ ಹೊಸ ಬೆಂಕಿಯಿಂದಲೇ ಒಲೆ ಹೊತ್ತಿಸುತ್ತಿದ್ದರೆಂದು 17ನೆಯ ಶತಮಾನದ ಬರಹದಲ್ಲಿ ದಾಖಲಾಗಿದೆ.

ನಮ್ಮ ಕಥೆಗೆ ಇದೇ ಎಲುಬು. ನಾಲ್ವರು ಹಳ್ಳಿಗರು ಗುಡ್ಡದಿಂದ ಮಣ್ಣಿನ ಮಡಕೆಯಲ್ಲಿ ಕೆಂಡ ತೆಗೆದುಕೊಂಡು ನವೆಂಬರ್ 1ರ ಬೆಳಗ್ಗೆ ಹೊರಡುತ್ತಾರೆ. ಊರು ಮೂರು ಹಗಲು ಮೂರು ರಾತ್ರಿಯ ದಾರಿ. ನಾಲ್ಕನೆಯ ಬೆಳಗಿಗೆ ಮಡಕೆಯಲ್ಲಿ ಒಂದಾದರೂ ಜೀವಂತ ಕೆಂಡ ಇರಬೇಕು. ಬೆಂಕಿಯ ಗುಳಿ ಎಂದರೆ ಆ ಮಡಕೆಯೇ. ಚಳಿ ಕಾಯಿಸುವುದೂ ಅದರಿಂದಲೇ, ಊರಿಗೆ ಒಯ್ಯಬೇಕಾದದ್ದೂ ಅದನ್ನೇ. ಗೆರಟೆಯಲ್ಲಿ ನೆರೆಮನೆಯಿಂದ ಕೆಂಡ ತರುತ್ತಿದ್ದ ಕಾಲವನ್ನು ನೆನಪಿಸಿದರೆ ಸಾಕು, ಆಟಗಾರರಿಗೆ ಚಿತ್ರ ಕಣ್ಣಮುಂದೆ ಬರುತ್ತದೆ.

ಪಾತ್ರ ಕಟ್ಟಲು ಅರ್ಧ ಗಂಟೆಗಿಂತ ಹೆಚ್ಚು ಬೇಡ. ಪ್ರತಿ ಪಾತ್ರಕ್ಕೆ ನಾಲ್ಕು ಗುಣ: ಮೈ (ತಾಕತ್ತು, ಸಹನೆ), ಕೈ (ಕಸುಬು), ಕಣ್ಣು (ಹುಡುಕುವುದು, ಕಾವಲು), ಮಾತು (ಚೌಕಾಸಿ, ಸಮಾಧಾನ). ಇವುಗಳಿಗೆ 7 ಅಂಕ ಹಂಚಬೇಕು, ಯಾವುದೂ 1ಕ್ಕಿಂತ ಕಡಿಮೆ ಅಲ್ಲ, 3ಕ್ಕಿಂತ ಹೆಚ್ಚಲ್ಲ. ಗುಣ ಎಷ್ಟೋ ಅಷ್ಟು ದಾಳ. 5 ಅಥವಾ 6 ಬಿದ್ದರೆ ಗೆಲುವು. ಒಂದು ದಾಳಕ್ಕೆ ಗೆಲ್ಲುವ ಸಾಧ್ಯತೆ ಶೇ. 33, ಎರಡಕ್ಕೆ 56, ಮೂರಕ್ಕೆ 70. ಅಂಕ 9 ಕೊಟ್ಟು ನೋಡುವ ಆಸೆ ಬರುತ್ತದೆ. ಕೊಟ್ಟರೆ ಎರಡನೆಯ ದಿನಕ್ಕೇ ಎಲ್ಲರೂ ಬೆಚ್ಚಗಿರುತ್ತಾರೆ, ಆಟ ಪಿಕ್‌ನಿಕ್ ಆಗುತ್ತದೆ.

ಒಂದು ದಿನ ಸಾಗುವ ರೀತಿ

ಬೆಳಗಾದಾಗ ಹಗಲಿನ ಗುಳಿಗೆ ನಾಲ್ಕು ಕಾಳು. ಒಂದು ಕಾಳು ಒಂದು ಹೊತ್ತು. ನವೆಂಬರ್ ಮೊದಲಲ್ಲಿ ಡಬ್ಲಿನ್ ಸುತ್ತಮುತ್ತ ಹಗಲೇ ಸುಮಾರು ಒಂಬತ್ತೂವರೆ ಗಂಟೆ, ಡಿಸೆಂಬರ್ ಕೊನೆಗೆ ಏಳೂವರೆ. ಮಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುವುದರಿಂದ ನಮ್ಮವರಿಗೆ ಆ ಅವಸರ ಮೈಗೆ ಗೊತ್ತಿರುವುದಿಲ್ಲ. ಆದ್ದರಿಂದ ಕಾಳು ತೆಗೆಯುವ ಕೆಲಸವನ್ನು ಗೇಮ್ ಮಾಸ್ಟರೇ ಮಾಡಲಿ, ಬಾಯಲ್ಲಿ ಏನೂ ಹೇಳದೆ ತೆಗೆಯಲಿ.

ಎರಡು ಹೊತ್ತು ಎಲ್ಲರೂ ನಡೆಯಬೇಕು. ಮುಂದೆ ಹೋಗುವವರು ದಿನಕ್ಕೊಮ್ಮೆ 'ಕಣ್ಣು' ಎಸೆಯುತ್ತಾರೆ. ಸೋತರೆ ದಾರಿ ತಪ್ಪಿ ಇನ್ನೊಂದು ಹೊತ್ತು ನಡಿಗೆಗೇ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ತಲಾ ಒಂದು ಕೆಲಸ. ಅನ್ನ ಹುಡುಕಲು 'ಕಣ್ಣು', ಗೆಲುವಿಗೊಂದು ಕಾಳು, ಆದರೆ ಆ ಸೀಮೆ ಇಡೀ ತಂಡಕ್ಕೆ ದಿನಕ್ಕೆ ಎರಡೇ ಕಾಳು ಕೊಡುತ್ತದೆ. ಸೌದೆಗೆ 'ಮೈ', ಗೆಲುವಿಗೊಂದು ಬೆಂಕಿಕಾಳು, ಮಳೆ ಬಂದ ರಾತ್ರಿಯ ಮರುದಿನ 6 ಬಿದ್ದರೆ ಮಾತ್ರ ಲೆಕ್ಕ. ರಾತ್ರಿಗೆ ಮರೆ ಕಟ್ಟಲು 'ಕೈ', ಒಂದು ಗೆಲುವು ಸಾಕು. ಒಬ್ಬರನ್ನು ಉಪಚರಿಸಲೂ 'ಕೈ', ಗೆದ್ದರೆ ಅವರಿಗೊಂದು ಬಿಸಿಕಾಳು ಮರಳುತ್ತದೆ. ಐರ್ಲೆಂಡಿನ ಜವುಗಿನಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಪಾಚಿ ನೀರು, ರಕ್ತ ಹೀರುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಕ್ಕೂ ಅದನ್ನೇ ಕಟ್ಟಿದ್ದರು. ಉಪಚಾರಕ್ಕೆ ಆ ವಿವರ ಬಳಸಿಕೊಳ್ಳಿ.

ಬಯಲಲ್ಲಿ ಎಸೆದ ದಾಳಗಳಲ್ಲಿ ಒಂದಾದರೂ 1 ಇದ್ದರೆ ಎಸೆದವರ ಬಿಸಿಕಾಳು ಒಂದು ಹೋಗುತ್ತದೆ. ಕೆಲಸ ಗೆದ್ದಿದ್ದರೂ ಸರಿ. ಹೆಚ್ಚು ದಾಳ ಎಸೆಯುವವರಿಗೆ 1 ಬೀಳುವ ಸಾಧ್ಯತೆಯೂ ಹೆಚ್ಚು: ಎರಡು ದಾಳಕ್ಕೆ ಶೇ. 31, ಮೂರಕ್ಕೆ 42. ಗಟ್ಟಿ ಆಳು ಹೆಚ್ಚು ದುಡಿಯುತ್ತಾನೆ, ಹೆಚ್ಚು ನೆನೆಯುತ್ತಾನೆ.

ನಡುಹಗಲಿಗೊಂದು, ರಾತ್ರಿಗೊಂದು ಅನ್ನದ ಕಾಳು ತೆಗೆಯಬೇಕು. ಇಲ್ಲದಿದ್ದರೆ ಅದರ ಬದಲು ಬಿಸಿಕಾಳು. ಸಂಜೆ ಒಂದು ದಾಳ ಎಸೆದು 1ರಿಂದ 4 ಬಿದ್ದರೆ ಮಳೆ. ಒಣರಾತ್ರಿ ಬೆಂಕಿ ಎರಡು ಕಾಳು ತಿನ್ನುತ್ತದೆ, ಮಳೆರಾತ್ರಿ ಮೂರು. ಬೆಂಕಿಯೂ ಮರೆಯೂ ಇದ್ದರೆ ಎಲ್ಲರಿಗೂ ಒಂದೊಂದು ಬಿಸಿಕಾಳು ವಾಪಸ್, ನಾಲ್ಕು ಮೀರುವಂತಿಲ್ಲ. ಎರಡರಲ್ಲಿ ಒಂದೇ ಇದ್ದರೆ ಇದ್ದ ಹಾಗೆ. ಎರಡೂ ಇಲ್ಲದಿದ್ದರೆ ಎಲ್ಲರದೂ ಎರಡೆರಡು ಹೋಗುತ್ತದೆ. ಬಿಸಿ ಬರಿದಾದವರಿಗೆ ಯಾವ ಗುಣಕ್ಕೂ ಒಂದೇ ದಾಳ. ಬರಿದಾದ ಮೇಲೂ ಇನ್ನೊಂದು ಕಳೆಯಬೇಕಾಗಿ ಬಂದರೆ ಅದೇ ಹೊತ್ತಿನೊಳಗೆ ಯಾರಾದರೂ ತಮ್ಮ ಬಿಸಿಯಿಂದ ಒಂದು ಕಾಳು ಕೊಡಬೇಕು, ಇಲ್ಲದಿದ್ದರೆ ಸಾವು.

ಲೆಕ್ಕ ನೋಡಿ. ಮೂರು ರಾತ್ರಿಗೆ ಬೆಂಕಿ ಸರಾಸರಿ 8 ಕಾಳು ತಿನ್ನುತ್ತದೆ, ಊರಿಗೆ 1 ಉಳಿಯಬೇಕು, ಮಡಕೆಯಲ್ಲಿರುವುದು 4. ಅಂದರೆ 5 ಗಳಿಸಬೇಕು. ಮರೆ ಮೂರು ಸಲ. ಇವೆರಡೂ ಸಾಧ್ಯವಿರುವಂಥದ್ದೇ. ಅನ್ನ ಮಾತ್ರ ಎಷ್ಟೇ ಚೆನ್ನಾಗಿ ಆಡಿದರೂ ಎರಡು ಕಾಳು ಕಡಿಮೆ. ಈ ಎರಡನ್ನು ಕರುಣೆಯಿಂದ ತುಂಬಿಸಿ ಕೊಡುವುದು ಹೊಸ ಗೇಮ್ ಮಾಸ್ಟರ್‌ಗಳು ಮಾಡುವ ಮೊದಲ ತಪ್ಪು. ನಾಲ್ಕೈದಕ್ಕೆ ಏರಿಸಿ ಬಿಗಿ ಮಾಡುವುದು ಎರಡನೆಯದು. ಆಗ ಆಟಗಾರರು ಕೈಚೆಲ್ಲುತ್ತಾರೆ, ಕೈಚೆಲ್ಲಿದವರಿಗೆ ಹೆದರಿಕೆ ಇರುವುದಿಲ್ಲ.

ಒಳ್ಳೆಯವರು

ದಿಬ್ಬದೊಳಗಿನ ಜನರಿಗೆ ಐರಿಶ್‌ನಲ್ಲಿ 'ಈಸ್ ಶೀ' ಎಂದು ಹೆಸರು. ಹಳ್ಳಿಗರು ಆ ಹೆಸರೆತ್ತದೆ 'ಒಳ್ಳೆಯ ಜನ' ಎನ್ನುತ್ತಿದ್ದರು. ರಾತ್ರಿ ಹೊತ್ತು ಹಾವನ್ನು ಹುಳ ಎನ್ನುವ, ಸಿಡುಬನ್ನು ಅಮ್ಮ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟದಲ್ಲಿ ಇದನ್ನೇ ನಿಯಮ ಮಾಡಿ: ಹಗಲಿನ ಗುಳಿ ಬರಿದಾದ ಮೇಲೆ ಯಾರು 'ಶೀ' ಎಂದರೂ ಒಂದು ಧೈರ್ಯಕಾಳು ಹೋಯಿತು. ಅರ್ಧ ಗಂಟೆಯಲ್ಲಿ ಎಲ್ಲರೂ ತಾವಾಗಿಯೇ ದನಿ ತಗ್ಗಿಸಿ 'ಒಳ್ಳೆಯವರು' ಎನ್ನತೊಡಗುತ್ತಾರೆ. ಬಣ್ಣಿಸಿ ಬಣ್ಣಿಸಿ ಕಟ್ಟಲಾಗದ ವಾತಾವರಣ ಈ ಒಂದು ನಿಯಮದಿಂದ ಕಟ್ಟುತ್ತದೆ.

ಅವರ ಮನೆ ಎಂದರೆ ಹಳೆಯ ಮಣ್ಣಿನ ದಿಬ್ಬ, ದುಂಡನೆಯ ಏರಿ. ಐರ್ಲೆಂಡಿನಲ್ಲಿ ಇಂಥ ದುಂಡು ಕೋಟೆಗಳು 40 ಸಾವಿರಕ್ಕೂ ಹೆಚ್ಚಿವೆ. ಬಹುಪಾಲು ಮಧ್ಯಯುಗದ ಆರಂಭದ ರೈತರ ಮನೆಯಂಗಳಗಳು, ಆದರೆ ಪಾಳುಬಿದ್ದ ಮೇಲೆ ಒಳ್ಳೆಯವರ ಜಾಗವಾದವು. ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಗಿಡವೂ ಹಾಗೆಯೇ, ಅದನ್ನು ಕಡಿಯುವಂತಿಲ್ಲ. 1999ರಲ್ಲಿ ಕ್ಲೇರ್ ಸೀಮೆಯ ಲಾಟೂನ್‌ನಲ್ಲಿ ಹೆದ್ದಾರಿ ಬರುವಾಗ ಅಂಥದ್ದೊಂದು ಗಿಡಕ್ಕಾಗಿ ಜನ ದನಿಯೆತ್ತಿ, ಗಿಡ ಉಳಿಯಿತು. ಗದ್ದೆಯ ನಡುವೆ ಕತ್ತಿ ತಾಗದ ನಾಗಬನ ಬಿಟ್ಟು ಸುತ್ತಲೂ ಉಳುವುದನ್ನು ಕಂಡವರಿಗೆ ದಿಬ್ಬದ ಮುಂದೆ ಹೇಗೆ ನಿಲ್ಲಬೇಕೆಂದು ಹೇಳಿಕೊಡಬೇಕಾಗಿಲ್ಲ.

ಮೊದಲ ದಿನ ಯಾರನ್ನೂ ತೋರಿಸಬೇಡಿ. ಸುಳಿವು ಮಾತ್ರ ಕೊಡಿ. ಬ್ಲ್ಯಾಕ್‌ಬೆರಿ ಪೊದೆ ಹಣ್ಣು ತುಂಬಿ ನಿಂತಿದೆ, ಆದರೆ ಸಾವಿನ್ ಕಳೆದ ಮೇಲೆ ಆ ಹಣ್ಣಿನ ಮೇಲೆ ರೂಪ ಬದಲಿಸುವ ಕರಿಕುದುರೆ ಉಗುಳಿರುತ್ತದೆ, ತಿನ್ನಬಾರದು. ತಿಂದರೆ ಅನ್ನಕ್ಕೆ ಎರಡು ಕಾಳು ಸಿಗುತ್ತದೆ, ಧೈರ್ಯದಲ್ಲಿ ಎರಡು ಹೋಗುತ್ತದೆ. ತಿನ್ನಬಾರದೆಂಬುದನ್ನು ಒಬ್ಬ ಆಟಗಾರರಿಗೆ ಮಾತ್ರ ಚೀಟಿಯಲ್ಲಿ ಬರೆದು ಕೊಟ್ಟಿರಿ. ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಎರಡನೆಯ ದಿನ ಹಸಿವಿನ ಹುಲ್ಲು. ಹಸಿದು ಸತ್ತವರು ಬಿದ್ದ ಜಾಗದಲ್ಲಿ ಬೆಳೆಯುತ್ತದೆಂಬ ಈ ಹುಲ್ಲಿನ ಮೇಲೆ ಕಾಲಿಟ್ಟವರಿಗೆ ಪ್ರಾಣ ಹೋಗುವಂಥ ಹಸಿವು. ಓಟ್ಸ್ ರೊಟ್ಟಿಯ ಚೂರೊಂದು ಜೇಬಲ್ಲಿದ್ದರೆ ಬಚಾವು ಎಂದು ಹಳ್ಳಿಗರ ಮಾತು. ಆಟದಲ್ಲಿ ಹೀಗೆ ನಡೆಸಿ: ಕಾಲಿಟ್ಟವರ ಅನ್ನದ ಗುಳಿಯಿಂದ ಕಾಳನ್ನು ಒಂದೊಂದಾಗಿ, ಬಹಳ ನಿಧಾನವಾಗಿ, ಬಟ್ಟಲಿಗೆ ಹಾಕುತ್ತ ಹೋಗಿ. ಬೇರೆ ಯಾರಾದರೂ ತಮ್ಮ ಅನ್ನದಿಂದ ಒಂದು ಕಾಳು ಅವರ ಗುಳಿಗೆ ಹಾಕಿದ ಕ್ಷಣ ನಿಲ್ಲಿಸಿ. ನಿಯಮವನ್ನು ಮೊದಲೇ ಹೇಳಬೇಡಿ. ಇಡೀ ಆಟದಲ್ಲಿ ಇದು ಒಂದೇ ಸಲ.

ಅದೇ ಸಂಜೆ ದಿಬ್ಬದ ಬಾಗಿಲು ತೆರೆಯಲಿ. ಒಳಗೆ ಪಿಟೀಲು, ದೀಪ, ಬಿಸಿ ಊಟ. ಉಂಡವರ ಅನ್ನ, ಬಿಸಿ ಎರಡೂ ಗುಳಿ ತುಂಬುತ್ತದೆ. ಮೋಸವಿಲ್ಲ, ಊಟ ನಿಜವಾದದ್ದೇ. ಬೆಲೆ ಮಾತ್ರ ಆಮೇಲೆ. ಓಶೀನ್ ಎಂಬ ವೀರ ಮುಪ್ಪಿಲ್ಲದ ನಾಡಿನಲ್ಲಿ ಮೂರು ವರ್ಷ ಇದ್ದೆನೆಂದುಕೊಂಡು ಮರಳಿದಾಗ ಇಲ್ಲಿ 300 ವರ್ಷ ಕಳೆದಿತ್ತು. ಆಟದ ಕೊನೆಯಲ್ಲಿ ಊರು ಮುಟ್ಟಿದಾಗ, ಉಂಡವರನ್ನು ಗುರುತಿಸುವವರು ಊರಲ್ಲಿ ಯಾರೂ ಉಳಿದಿರುವುದಿಲ್ಲ.

ಕಬ್ಬಿಣಕ್ಕೆ ಅವರು ಹೆದರುತ್ತಾರೆ. ತೊಟ್ಟಿಲಿನ ಮೇಲೆ ಕಬ್ಬಿಣದ ಇಕ್ಕುಳ ಅಡ್ಡ ಇಡುವುದು ಅಲ್ಲಿನ ರೂಢಿ, ಬಾಣಂತಿಯ ಪಕ್ಕ ಕತ್ತಿ ಇಡುವುದು ನಮ್ಮ ಕಡೆಯದು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯುವುದನ್ನೂ ಇಲ್ಲಿ ನೆನೆಯಬಹುದು. ಲೋಹ ತಾಗಿದರೆ ಏನೋ ಕೆಡುತ್ತದೆ ಎಂಬ ಭಾವ ಎರಡು ಕಡೆಗೂ ಇದೆ. ಇಡೀ ತಂಡಕ್ಕೆ ಒಂದೇ ಒಂದು ಕಬ್ಬಿಣದ ಚೂರಿ ಕೊಡಿ. ಒಳ್ಳೆಯವರನ್ನು ತಡೆಯಲು ಮೂರು ಸಲ ಬರುತ್ತದೆ, ಆಮೇಲೆ ತುಕ್ಕು. ಚೂರಿಯ ಬದಲು ಮೇಜಿನ ಮೇಲೆ ತುಕ್ಕು ಹಿಡಿದ ದೊಡ್ಡ ಮೊಳೆಯೊಂದನ್ನಿಟ್ಟರೆ, ಅದನ್ನು ಹಿಡಿದವರ ಕೈ ಅದನ್ನು ಬಿಡುವುದಿಲ್ಲ.

ಬ್ಯಾನ್‌ಶೀಯನ್ನು ಕಾದಾಡುವ ಭೂತ ಮಾಡುವುದು ಎಲ್ಲೆಡೆ ಕಾಣುವ ತಪ್ಪು. ಅವಳು ದಿಬ್ಬದ ಕಡೆಯ ಹೆಣ್ಣು, ಯಾರನ್ನೂ ಕೊಲ್ಲುವುದಿಲ್ಲ. ಹಳೆಯ ಮನೆತನಗಳಲ್ಲಿ ಸಾವು ಬರುವ ಮುನ್ನ ಅಳುತ್ತಾಳೆ, ಅಷ್ಟೇ. ಮೂರನೆಯ ರಾತ್ರಿಗೆ ಅವಳ ಅಳು ಕೇಳಿಸಿ, "ಬೆಳಗಾಗುವುದರೊಳಗೆ ನಿಮ್ಮಲ್ಲೊಬ್ಬರು" ಎಂದಷ್ಟೇ ಹೇಳಿ ಸುಮ್ಮನಾಗಿ. ಆಟಗಾರರು ಒಬ್ಬರನ್ನೊಬ್ಬರು ನೋಡುತ್ತಾರೆ, ಆಮೇಲೆ ಮಣೆಯನ್ನು ನೋಡುತ್ತಾರೆ. ಆಮೇಲೆ ಯಾರ ಬಿಸಿಯ ಗುಳಿ ಬರಿದೋ ಅವರನ್ನು. ಆ ಹತ್ತು ನಿಮಿಷ ಗೇಮ್ ಮಾಸ್ಟರ್ ಬಾಯಿ ತೆರೆಯಬಾರದು. ದಾರಿಯಲ್ಲಿ ಬಿದ್ದ ಬಾಚಣಿಗೆ ಎತ್ತಬಾರದೆಂಬ ನಂಬಿಕೆಯೂ ಅವಳದ್ದೇ. ಎರಡನೆಯ ದಿನ ಯಾರಾದರೂ ಎತ್ತಿಕೊಂಡಿದ್ದರೆ ಅವಳು ಅದನ್ನು ಕೇಳಿಕೊಂಡು ಬರಲಿ.

ಧೈರ್ಯ ಬರಿದಾದವರಿಗೆ ದಿಬ್ಬದ ಸಂಗೀತ ಕೇಳಿಸತೊಡಗುತ್ತದೆ. ಹೊತ್ತಿಗೊಮ್ಮೆ ಒಂದು ದಾಳ, 1 ಅಥವಾ 2 ಬಿದ್ದರೆ ಆ ಕಡೆ ನಡೆಯುತ್ತಾರೆ. ತಡೆಯಲು ಇನ್ನೊಬ್ಬರ 'ಮಾತು' ಬೇಕು, ಇಲ್ಲವೇ ಆ ಮೊಳೆ.

ಗೆಶ್

ಐರಿಶ್ ವೀರಕಥೆಗಳಲ್ಲಿ ಹಲವು ವೀರರಿಗೆ ಮೀರಬಾರದ ಕಟ್ಟಳೆ ಇರುತ್ತದೆ, ಅದು ಗೆಶ್. ಕೂಹುಲಿನ್‌ಗೆ ನಾಯಿಮಾಂಸ ನಿಷಿದ್ಧ. ಒಲೆಯ ಬಳಿ ಕರೆದವರ ಊಟ ತಿರಸ್ಕರಿಸುವುದೂ ನಿಷಿದ್ಧ. ದಾರಿಯಲ್ಲಿ ಮೂವರು ಮುದುಕಿಯರು ನಾಯಿಮಾಂಸ ಬೇಯಿಸಿ ಉಣ್ಣಲು ಕರೆದರು. ಯಾವ ಕಡೆ ಹೋದರೂ ಒಂದು ಮುರಿಯುತ್ತದೆ, ಅಲ್ಲಿಂದಲೇ ಅವನ ಅಂತ್ಯದ ಆರಂಭ.

ನಮಗೆ ಬೇಕಾದ ಪಾಠ ಇಲ್ಲೇ ಇದೆ. ಬಿಡಿ ಗೆಶ್‌ನಿಂದ ಆಟ ಬರುವುದಿಲ್ಲ, ಎರಡು ಗೆಶ್ ಒಂದಕ್ಕೊಂದು ಎದುರಾಗಬೇಕು. ನಾಲ್ಕು ಪಾತ್ರಗಳಿಗೆ ಕೊಡುವಾಗಲೇ ಹಾಗೆ ಜೋಡಿಸಿ. ಒಬ್ಬರಿಗೆ, ಅನ್ನ ಕೇಳಿದವರಿಗೆ ಇಲ್ಲವೆನ್ನಬಾರದು. ಇನ್ನೊಬ್ಬರಿಗೆ, ಅಪರಿಚಿತರೊಡನೆ ಬೆಂಕಿ ಹಂಚಿಕೊಳ್ಳಬಾರದು. ಮೂರನೆಯವರಿಗೆ, ಹೆಸರು ಹಿಡಿದು ಕರೆದರೆ ಓಗೊಡದೆ ಇರಬಾರದು. ನಾಲ್ಕನೆಯವರಿಗೆ, ಕತ್ತಲಾದ ಮೇಲೆ ಯಾರ ಹೆಸರನ್ನೂ ಹೇಳಬಾರದು. ಆಮೇಲೆ ಎರಡನೆಯ ರಾತ್ರಿ ಒಬ್ಬ ಹಸಿದ ಮುದುಕ ಬೆಂಕಿಯ ಹತ್ತಿರ ಬಂದು ಕೈಚಾಚಿದರೆ ಸಾಕು. ಗೆಶ್ ಮುರಿದವರ ಧೈರ್ಯ ಒಂದೇ ಕಾಳಿಗೆ ಇಳಿಯುತ್ತದೆ. ನಷ್ಟ ಅನುಭವಿಸಿಯೂ ಪಾಲಿಸಿದವರು ಒಂದು ಸಲ ಒಂದು ದಾಳವನ್ನು 6ಕ್ಕೆ ತಿರುಗಿಸಿ ಇಡಬಹುದು.

ಊರ ಕಣ್ಣಿಂದ ಕಾಣುವ ತಪ್ಪುಗಳು

ಆಲೂಗಡ್ಡೆ ಐರ್ಲೆಂಡಿಗೆ ಬಂದದ್ದು 16ನೆಯ ಶತಮಾನದ ಕೊನೆಯ ಹೊತ್ತಿಗೆ. ಕಥೆ ಅದಕ್ಕಿಂತ ಹಿಂದಿನದಾದರೆ ಬುತ್ತಿಯಲ್ಲಿ ಓಟ್ಸ್ ರೊಟ್ಟಿ, ಬೆಣ್ಣೆ, ಗಿಣ್ಣು, ಹೇಜಲ್ ಕಾಯಿ. ಕಡಲ ಬದಿಯ ದಾರಿ ಇಟ್ಟುಕೊಂಡರೆ ಮರುವಾಯಿ ಹೆಕ್ಕುವ ಹಾಗೆ ಬಂಡೆಯಿಂದ ಚಿಪ್ಪುಜೀವಿ ಕೀಳಬಹುದು, ಕೆಂಪು ಕಡಲಪಾಚಿ ತಿನ್ನಬಹುದು. ಹಾವು ಆ ದ್ವೀಪದಲ್ಲಿ ಇಲ್ಲ. ಪೊದೆಗೆ ಕೈಹಾಕುವಾಗ ನಮ್ಮವರು ಹಾವಿಗೆ ಹೆದರುತ್ತಾರೆ, ಇಲ್ಲವೆಂದು ಮೊದಲೇ ಹೇಳಿ. ತೋಳ 18ನೆಯ ಶತಮಾನದವರೆಗೂ ಇತ್ತು.

ಜವುಗನ್ನು ವಿವರಿಸುವಾಗ ಕಂಬಳದ ಗದ್ದೆಯನ್ನು ಹೋಲಿಕೆಗೆ ತರುತ್ತಾರೆ. ಅದು ಅರ್ಧ ಮಾತ್ರ ಸರಿ. ಗದ್ದೆಯ ಕೆಸರಿಗೆ ಅಡಿಯಲ್ಲಿ ಗಟ್ಟಿ ನೆಲವಿದೆ, ನೀರು ಬೆಚ್ಚಗಿರುತ್ತದೆ. ಜವುಗಿನ ಮೇಲ್ಮೈ ಹಸಿರು ಚಾಪೆಯಂತೆ ಕಾಣುತ್ತದೆ, ಕಾಲಿಟ್ಟರೆ ಇಡೀ ಚಾಪೆಯೇ ಅಲುಗುತ್ತದೆ, ಕೆಳಗಿನ ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಅಲ್ಲಿನ ಮಣ್ಣನ್ನೇ ಇಟ್ಟಿಗೆಯಂತೆ ಕೊಯ್ದು ಬೇಸಿಗೆಯಲ್ಲಿ ಒಣಗಿಸಿ ಉರುವಲು ಮಾಡುತ್ತಾರೆ. ನವೆಂಬರಿನಲ್ಲಿ ಕೊಯ್ದ ಹಸಿ ಮಣ್ಣು ಉರಿಯುವುದಿಲ್ಲ. "ಇಲ್ಲೇ ಅಗೆದು ಬೆಂಕಿಗೆ ಹಾಕುತ್ತೇವೆ" ಎಂದು ಬುದ್ಧಿವಂತ ಆಟಗಾರರು ಖಂಡಿತ ಹೇಳುತ್ತಾರೆ, ಉತ್ತರ ಸಿದ್ಧವಿರಲಿ.

ಅಕ್ಷರಗಳ ಮೇಲೆ ಸ್ವಲ್ಪ ಶ್ರಮ ಹಾಕಿದರೆ ಫಲ ದೊಡ್ಡದು. ಒಗಮ್ ಎಂಬ ಹಳೆಯ ಲಿಪಿಯಲ್ಲಿ 20 ಅಕ್ಷರ, ಐದೈದರ ನಾಲ್ಕು ಗುಂಪು, ಕಲ್ಲಿನ ಅಂಚಿಗೆ ಅಡ್ಡ ಗೀರುಗಳು, ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದು. ಪಾತ್ರಗಳಿಗೆ ಬ್ರನ್, ಎಮರ್, ನೀಲ್ ಥರದ ಚಿಕ್ಕ ಹೆಸರಿಡಿ. ಮೂಲ ಒಗಮ್‌ನಲ್ಲಿ 'ಪ' ಇಲ್ಲ, ಆ ಅಕ್ಷರದ ಹೆಸರು ಬೇಡ. ಬ್ರನ್ ಎಂದು ಬರೆಯಲು ಗೆರೆಯ ಬಲಕ್ಕೆ ಒಂದು ಗೀರು (ಬ), ಗೆರೆಯನ್ನು ಓರೆಯಾಗಿ ದಾಟುವ ಐದು (ರ), ಗೆರೆಯ ಮೇಲೆಯೇ ಒಂದು ಚುಕ್ಕೆಗೀರು (ಅ), ಬಲಕ್ಕೆ ಐದು (ನ). ಮೊದಲ ದಿನ ಅಕ್ಷರಪಟ್ಟಿ ಕೊಟ್ಟು ಒಂದು ದಾರಿಗಲ್ಲನ್ನು ಓದಿಸಿ. ಮೂರನೆಯ ದಿನ ಉದ್ದನೆಯ ಅಡಿಕೆ ಹಾಳೆಯ ಚೂರಿನಲ್ಲಿ ಗೀರಿದ ಇನ್ನೊಂದನ್ನು ಕೊಡಿ. ಅವರೇ ಗೀರು ಎಣಿಸಿ ಓದಿ, ಅದು ತಮ್ಮಲ್ಲೊಬ್ಬರ ಹೆಸರೆಂದು ತಾವೇ ಕಂಡುಕೊಳ್ಳಲಿ.

ಮುಟ್ಟಬಾರದ್ದು

ತುಳುನಾಡಿನ ದೈವಗಳನ್ನು ಈ ಆಟದೊಳಗೆ ತರಬೇಡಿ. ಹೋಲಿಕೆ ಕಣ್ಣಿಗೆ ಕಾಣುತ್ತದೆ ನಿಜ, ಆದರೆ ಪಂಜುರ್ಲಿ, ಗುಳಿಗ, ಕೊರಗಜ್ಜ ಇಲ್ಲಿನ ಮನೆಗಳಲ್ಲಿ ನಂಬಿ ನಡೆಯುವ ಶಕ್ತಿಗಳು. ದಾಳ ಎಸೆದು ಸೋಲಿಸುವ ಪಾತ್ರವಾಗಿ ಅವರನ್ನು ಇಡುವುದು, ಕೋಲದ ನುಡಿಯನ್ನು ಅನುಕರಿಸುವುದು ತಪ್ಪು. ನಾಗಬನದ ಉದಾಹರಣೆ ಅರ್ಥವಾಗಲು ಸಾಕು, ಅಲ್ಲಿಗೇ ನಿಲ್ಲಿಸಿ.

ಮೂವರೇ ಆಟಗಾರರಿದ್ದರೆ ನಾಲ್ಕನೆಯ ಮೂರು ಗುಳಿ ಅವರು ಎತ್ತಿಕೊಂಡು ಹೋಗುವ ಮಗುವಿಗೆ. ಆಗ ಬದಲಿ ಮಗುವಿನ ಕಥೆ ತಾನಾಗಿ ಒಳಬರುತ್ತದೆ: ಒಳ್ಳೆಯವರು ಮಗುವನ್ನೊಯ್ದು ತಮ್ಮದನ್ನು ಬಿಟ್ಟು ಹೋಗುತ್ತಾರೆ ಎಂಬ ನಂಬಿಕೆ. ಇಲ್ಲಿ ಬಹಳ ಎಚ್ಚರ ಬೇಕು. 1895ರಲ್ಲಿ ಟಿಪರೇರಿ ಸೀಮೆಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಣ್ಣುಮಗಳನ್ನು, ಇವಳು ಬದಲಾಗಿ ಬಂದವಳು ಎಂದು ಗಂಡನೇ ಸುಟ್ಟು ಕೊಂದ. ಮಗುವನ್ನು ಹಿಂಸಿಸಿ ಪರೀಕ್ಷಿಸುವ ದೃಶ್ಯ ಆಟದಲ್ಲಿ ಇರಬಾರದು. ಮಗು ನಿಜವಾದದ್ದೋ ಅಲ್ಲವೋ ಎಂಬುದನ್ನು ಬಿಡಿಸಿ ಹೇಳದೆ, ಅನ್ನ ಕೊಡುತ್ತೀರಾ ಎಂದಷ್ಟೇ ಕೇಳಿ.

ಹಸಿವು, ಮಗುವಿನ ಸಾವು, ಕ್ಷಾಮ ಬರುವುದನ್ನು ಆಟಕ್ಕೆ ಕರೆಯುವಾಗಲೇ ಹೇಳಬೇಕು. ಆಡುವಾಗ ಯಾರೇ ಆಗಲಿ ಮಣೆಯ ಮೇಲೆ ಅಂಗೈ ಇಟ್ಟರೆ ಆ ದೃಶ್ಯ ಅಲ್ಲಿಗೆ ನಿಲ್ಲುತ್ತದೆ. ಕಾರಣ ಕೇಳುವಂತಿಲ್ಲ.

ನಡೆಸುವಾಗ

ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರಿಗೆ ಪಾತ್ರವಾಗಿ ಮಾತಾಡುವುದು ಕಲಿಸಬೇಕಾದ ವಿದ್ಯೆಯಲ್ಲ. ತೊಂದರೆ ಇರುವುದು ಉಲ್ಟಾ ದಿಕ್ಕಿನಲ್ಲಿ. ಅರ್ಥಗಾರಿಕೆ ಏರುತ್ತದೆ, ಇಬ್ಬರ ವಾದ ಇಪ್ಪತ್ತು ನಿಮಿಷ ಸಾಗುತ್ತದೆ, ಉಳಿದಿಬ್ಬರು ಮೊಬೈಲ್ ತೆಗೆಯುತ್ತಾರೆ. ಐದು ನಿಮಿಷ ಮೀರಿದ ವಾದಕ್ಕೆ ಹಗಲಿನ ಒಂದು ಕಾಳು ತೆಗೆಯಿರಿ. ಹಳ್ಳಿಗರು ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ ನಾಲಿಗೆಗೆ ಬಂದದ್ದು ಆಡಲಿ, ಒಳ್ಳೆಯವರು ಮಾತ್ರ ತುಸು ಹಳೆಯ, ಬಹುವಚನದ, ಅತಿ ವಿನಯದ ಕನ್ನಡ ಆಡಲಿ. "ತಾವು ದಣಿದಿದ್ದೀರಿ, ಕುಳಿತುಕೊಳ್ಳಬೇಕು" ಎಂಬ ಮಾತು ಕಿರುಚಾಟಕ್ಕಿಂತ ಹೆಚ್ಚು ನಡುಗಿಸುತ್ತದೆ.

ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಇದ್ದರೆ ಸ್ಪೀಕರಿನ ಸಂಗೀತ ಬೇಡ. ಕರೆಂಟು ಹೋದರೆ ಮೇಣದಬತ್ತಿ ಒಂದೇ ಸಾಕು, ಕಿಟಕಿಯ ಪರದೆಯಿಂದ ದೂರ, ಅಗಲ ತಟ್ಟೆಯಲ್ಲಿ. ಫ್ಯಾನ್ ಇದ್ದರೆ ಚೀಟಿಗಳ ಮೇಲೆ ಏನಾದರೂ ಭಾರ ಇಡಿ. ಮಳೆಗಾಲದಲ್ಲಿ ಕಾಗದ ತೇವ ಹಿಡಿದು ಪೆನ್ನಿನ ಶಾಯಿ ಹರಡುವುದರಿಂದ ಬರೆಯುವುದೆಲ್ಲ ಪೆನ್ಸಿಲಿನಲ್ಲಿ. ಗೋಳಿಬಜೆ ಎರಡನೆಯ ದಿನ ಮುಗಿದ ವಿರಾಮದಲ್ಲಿ ಬರಲಿ, ಕೈ ತೊಳೆದು ಬರುವವರೆಗೆ ಮಣೆ ಮುಟ್ಟಬೇಡಿ. ಎಣ್ಣೆ ತಾಗಿದ ಕಾಳು ಗುಳಿಯಿಂದ ಎತ್ತಲು ಬರುವುದಿಲ್ಲ.

ದಿನಕ್ಕೆ ಒಂದು ಗಂಟೆಯಂತೆ ಸಾಗಿದರೆ ಕೊನೆಗೆ ಅರ್ಧ ಗಂಟೆ ಉಳಿಯುತ್ತದೆ. ಮೂರನೆಯ ರಾತ್ರಿ ತಲೆಯಿಲ್ಲದ ಸವಾರ ಡುಲ್ಲಹಾನ್ ಬರುತ್ತಾನೆ. ಅವನು ನಿಂತು ಯಾರ ಹೆಸರು ಕೂಗುತ್ತಾನೋ ಅವರು ಸಾಯುತ್ತಾರೆ. ಚಿನ್ನ ಕಂಡರೆ ಮಾತ್ರ ಹಿಂದೆ ಸರಿಯುತ್ತಾನೆ. ತಂಡದಲ್ಲಿ ಒಬ್ಬರಿಗೆ ಮೊದಲ ದಿನವೇ ಅಜ್ಜಿ ಕೊಟ್ಟ ಒಂದು ಚಿನ್ನದ ಸೂಜಿ ಕೊಟ್ಟಿರಿ. ಎರಡನೆಯ ದಿನ ದಾರಿಯ ಗುಡಿಸಲಿನವನೊಬ್ಬ ಆ ಸೂಜಿಗೆ ಎರಡು ಊಟ ಕೊಡುತ್ತೇನೆನ್ನಲಿ. ಕಡಿಮೆ ಬಿದ್ದ ಆ ಎರಡೇ ಊಟ. ಮಾರಿದ್ದಾರೋ ಉಳಿಸಿಕೊಂಡಿದ್ದಾರೋ ಅದರ ಮೇಲೆ ಕೊನೆಯ ರಾತ್ರಿ ನಿಲ್ಲುತ್ತದೆ, ನೀವು ಹೊಸದಾಗಿ ಏನೂ ಕಟ್ಟಬೇಕಿಲ್ಲ.

ಬೆಳಗಾದಾಗ ಬೆಂಕಿಯ ಗುಳಿ ನೋಡಿ. ಒಂದು ಕಾಳಿದ್ದರೆ ಊರಿನ ಮೊದಲ ಒಲೆ ಹೊತ್ತಿಕೊಳ್ಳುವುದನ್ನು, ಬದುಕಿ ಬಂದವರು ಒಬ್ಬೊಬ್ಬರೂ ಒಂದು ವಾಕ್ಯದಲ್ಲಿ ಹೇಳಲಿ. ಬರಿದಾಗಿದ್ದರೆ ಊರಿನವರು ಬಾಗಿಲಲ್ಲಿ ನಿಂತು ಮಡಕೆಯೊಳಗೆ ಇಣುಕುವಲ್ಲಿಗೆ ನಿಲ್ಲಿಸಿ. ಆಮೇಲೆ ದೀಪ ಹಾಕಿ, ಎಲ್ಲರೂ ಸೇರಿ ಕಾಳು ಹೆಕ್ಕಿ 56 ಎಣಿಸಿ. ಮಣೆಯನ್ನು ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟು, ಮರುದಿನ ಅಟ್ಟಕ್ಕೇರಿಸಿ. ತೇವದಲ್ಲೇ ಕಟ್ಟಿಟ್ಟರೆ ಗುಳಿಗಳಲ್ಲಿ ಬೂಷ್ಟು ಹಿಡಿಯುತ್ತದೆ.